ಹೈದರಾಬಾದಿನ ಮೊಹಲ್ಲಾಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳ ಜನರಿಗೆ 1956ನೆಯ ಇಸವಿಯ ನವಂಬರ 1ನೆಯ ತಾರೀಖಿನವರೆಗೆ ರಾಜಧಾನಿಯು ಹೈದರಾಬಾದಾಗಿದ್ದಿತು. ಆ ದಿನದಿಂದ ಬೆಂಗಳೂರಾಯಿತು. ರಾಜಧಾನಿಯು ಒಂದು ರಾತ್ರಿಯಲ್ಲಿ ಬದಲಾಗಬಲ್ಲದು. ನಡೆದು ರೂಢಿಯಾದ ಕಾಲುಗಳು ಅಷ್ಟು ಬೇಗ ಬದಲಾಗಲಾರವು. ನಮ್ಮ ಹಿರಿಯರಲ್ಲಿ ಅನೇಕರು ಆ ಮೇಲೆಯೂ ಹಲವು ವರ್ಷ ಕೆಲಸವಿದ್ದಾಗಲೆಲ್ಲ ಮೂಡಣ ಕಡೆಗೇ ಹೊರಡುತ್ತಿದ್ದರು. ಹಳೆಯ ಕಾಲದಲ್ಲಿ ರಾಯಚೂರಿನವರೆಗೆ ಬಂಡಿಯಲ್ಲಿಯೋ ಮೋಟಾರಿನಲ್ಲಿಯೋ ಹೋಗಿ, ಅಲ್ಲಿ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ನಾಂಪಲ್ಲಿಯಲ್ಲಿ ಇಳಿಯಬೇಕಾಗಿದ್ದಿತು. ಹೈಕೋರ್ಟಿನ ಅಪೀಲು, ಮಗನ ವಿದ್ಯಾಭ್ಯಾಸ, ಊರಿನ ವೈದ್ಯರು ಕೈಬಿಟ್ಟ ಕಾಯಿಲೆ, ಇವುಗಳಲ್ಲಿ ಒಂದಿಲ್ಲದೆ ಯಾರೂ ಅಷ್ಟು ದೂರ ಹೋಗುತ್ತಿರಲಿಲ್ಲ. ಅವರಿಗೆ ಚಾರ್ಮಿನಾರು ಪ್ರೇಕ್ಷಣೀಯ ಸ್ಥಳವಾಗಿರಲಿಲ್ಲ. ವಕೀಲರ ಮನೆಗೆ ಹೋಗುವಾಗ ತಿರುಗಬೇಕಾದ ಒಂದು ಗುರುತಾಗಿದ್ದಿತು.

ಈಗ ನಮ್ಮ ತರುಣರಿಗೆ ಬೆಂಗಳೂರಿನ ಬಡಾವಣೆಗಳು ತಮ್ಮ ಊರಿನ ಓಣಿಗಳಂತೆ ಪರಿಚಿತವಾಗಿವೆ. ಸಿಂಧನೂರಿಗೆ 2024ರಲ್ಲಿ ರೈಲು ಬಂದಿತು. ಬಂದದ್ದು ಹುಬ್ಬಳ್ಳಿಯ ಕಡೆಯಿಂದ. ಹೈದರಾಬಾದೆಂದರೆ ಎರಡು ದಿನದ ಪ್ರವಾಸ: ಚಾರ್ಮಿನಾರು, ಗೋಲ್ಕೊಂಡಾ, ಸಾಲಾರಜಂಗ ವಸ್ತುಸಂಗ್ರಹಾಲಯ, ಒಂದು ತಟ್ಟೆ ಬಿರಿಯಾನಿ, ನಾಲ್ಕು ಛಾಯಾಚಿತ್ರ. ಇದನ್ನು ನಾನು ಹಳಿಯುವುದಿಲ್ಲ. ಆದರೆ ನಮ್ಮ ಅಜ್ಜಂದಿರು ಸ್ವಂತ ಊರಿನಂತೆ ಬಳಸಿದ ನಗರವನ್ನು ನಾವು ಪರದೇಶದವರಂತೆ ಟಿಕೆಟ್ಟು ಕೊಂಡು ನೋಡಿ ಬರುವುದು ವಿಚಿತ್ರವೆಂದು ಮಾತ್ರ ನನಗೆ ತೋರುತ್ತದೆ.

ನನಗೂ ಅಲ್ಲಿ ನಾಲ್ವತ್ತು ದಿನ ನಿಲ್ಲಬೇಕಾದದ್ದು ಅಜ್ಜಂದಿರ ಕಾರಣಗಳಲ್ಲಿ ಒಂದರಿಂದಲೇ. ಮಸ್ಕಿಯಲ್ಲಿರುವ ನನ್ನ ಅಕ್ಕನಿಗೆ ಮೂತ್ರಪಿಂಡದ ಕಾಯಿಲೆಯು ಬಲಿತು, ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಬೇಕಾಯಿತು. ಒಳಗೆ ರೋಗಿಯೊಡನೆ ಹೆಂಗಸೊಬ್ಬಳು ಮಾತ್ರ ಇರಬಹುದೆಂದು ಅಲ್ಲಿನ ನಿಯಮ. ನನ್ನ ಹೆಂಡತಿಯು ಒಳಗೆ ನಿಂತಳು. ನಾನು ಹೊರಗಿನ ಕೆಲಸದವನಾದೆನು. ಔಷಧಿ ತರುವುದು, ಊಟ ತರುವುದು, ಸಾಯಂಕಾಲ ಐದು ಗಂಟೆಗೆ ಒಮ್ಮೆ ಮುಖ ನೋಡಿ ಬರುವುದು. ಉಳಿದ ಹೊತ್ತನ್ನು ಕಳೆಯುವುದು ಹೇಗೆ? ಕಾಚಿಗುಡ ಸ್ಟೇಶನ್ನಿನಿಂದ ಸುಲ್ತಾನ ಬಜಾರಿನ ಕಡೆಗೆ ಹೋಗುವ ಒಂದು ಓಣಿಯಲ್ಲಿ ಸಣ್ಣ ಕೋಣೆಯೊಂದನ್ನು ಹಿಡಿದಿದ್ದೆನು. ಕೋಣೆಯಲ್ಲಿ ಕುಳಿತರೆ ಮನಸ್ಸು ವೈದ್ಯರ ಮುಖಭಾವವನ್ನೇ ತಿರುತಿರುಗಿ ಓದುತ್ತಿದ್ದಿತು. ಆದುದರಿಂದ ನಡೆಯತೊಡಗಿದೆನು.

ಮೊದಲು ಅರ್ಥವಾದದ್ದು ಇದು. ಹೈದರಾಬಾದಿನವನು ತಾನು ಹೈದರಾಬಾದಿನವನೆಂದು ಹೊರಗಿನವರಿಗೆ ಮಾತ್ರ ಹೇಳುತ್ತಾನೆ. ತನ್ನವರೊಳಗೆ ಅವನು ಯಾಕುತಪುರದವನು, ಶಾಲಿಬಂಡೆಯವನು, ಬೇಗಂ ಬಜಾರಿನವನು, ಚಿಕ್ಕಡಪಲ್ಲಿಯವನು. ಪ್ರತಿಯೊಂದು ಮೊಹಲ್ಲೆಗೂ ಒಂದು ಕಸಬು, ಒಂದು ಮಾತಿನ ಧಾಟಿ, ಒಂದು ವಾಸನೆಯೂ ಉಂಟು. ಟ್ರೂಪ್ ಬಜಾರಿನಲ್ಲಿ ವಿದ್ಯುತ್ತಿನ ಸಾಮಾನು, ಬೇಗಂ ಬಜಾರಿನಲ್ಲಿ ಸಗಟು ದಿನಸಿ ಮತ್ತು ಒಣಹಣ್ಣು, ಲಾಡ್ ಬಜಾರಿನಲ್ಲಿ ಅರಗಿನ ಬಳೆ, ಆಬಿಡ್ಸಿನಲ್ಲಿ ರವಿವಾರ ಪಾದಚಾರಿಗಳ ದಾರಿಯ ಮೇಲೆ ಹರಡಿದ ಹಳೆಯ ಪುಸ್ತಕ. ಈ ಆಬಿಡ್ಸಿನ ಹೆಸರು ಆರನೆಯ ನಿಜಾಮನ ಬಳಿ ಸೇವೆಯಲ್ಲಿದ್ದು ಇಲ್ಲಿ ಅಂಗಡಿಯನ್ನು ನಡಸಿದ ಆಲ್ಬರ್ಟ್ ಆಬಿಡ್ ಎಂಬ ಅರ್ಮೇನಿಯದವನಿಂದ ಬಂದದ್ದು. ಅಂಗಡಿ ಹೋಗಿ ಯಾವ ಕಾಲವಾಯಿತೋ. ಹೆಸರು ಮಾತ್ರ ಬಸ್ಸಿನ ಹಲಗೆಯ ಮೇಲೆ ಕುಳಿತುಬಿಟ್ಟಿದೆ.

ಹೆಸರುಗಳ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಅದು ಬೆಂಗಳೂರಿನ ಕನ್ನಡಿಗನಿಗೂ ಇಲ್ಲ, ದಿಲ್ಲಿಯ ಹಿಂದಿಯವನಿಗೂ ಇಲ್ಲ. ನಾನಿದ್ದ ಓಣಿಯ ಬಳಿಯ ಮೊಹಲ್ಲೆಗೆ ಬಡೀ ಚೌಡಿ ಎಂದು ಹೆಸರು. ಹೊಸಬರು ಇದನ್ನು ಏನೆಂದು ತಿಳಿಯುವರೋ. ನನ್ನ ಕಿವಿಗೆ ಇದು ದೊಡ್ಡ ಚಾವಡಿಯೇ ಆಗಿ ಕೇಳಿಸಿತು. ಗೌಳಿಗುಡವೆಂದರೆ ಹಾಲು ಮಾರುವ ಗೌಳಿಗರ ಕೇರಿ. ಶಾಲಿಬಂಡೆಯ ಕೊನೆಯಲ್ಲಿರುವುದು ಬಂಡೆಗಲ್ಲು. ಗಗನವನ್ನು ಮುಟ್ಟುವ ಗಾಜಿನ ಕಟ್ಟಡಗಳಿಂದ ಈಗ ಪ್ರಸಿದ್ಧವಾದ ಗಚ್ಚಿಬೌಲಿಯನ್ನು ಕೇಳಿದಾಗ ನನಗೆ ಕಂಡದ್ದು ಗಚ್ಚಿನ ಬಾವಿ. ದರ್ವಾಜಾ ಎಂಬುದು ನಮ್ಮ ಅಗಸಿ. ಗಂಜ್ ಎಂಬುದನ್ನು ಸಿಂಧನೂರಿನ ರೈತನಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಲಿಂಗಸುಗೂರಿನವರಂತೂ ಛಾವಣಿಯ ಹೆಸರನ್ನು ಇಂದಿಗೂ ಉಳಿಸಿಕೊಂಡವರು. 1905ರವರೆಗೆ ಅದು ಸ್ವತಃ ಒಂದು ಜಿಲ್ಲೆಯ ಮುಖ್ಯ ಸ್ಥಳವಾಗಿದ್ದು, ಸಂಸ್ಥಾನದ ಕಚೇರಿಯ ಭಾಷೆಯೆಲ್ಲವೂ ಅದರ ಬೀದಿಯಲ್ಲಿ ಓಡಾಡಿ ಹೋಗಿದೆ.

ಮಾತಿನಲ್ಲಿಯೂ ಹಾಗೆಯೇ. ಹೈದರಾಬಾದಿನ ದಖನಿಯಲ್ಲಿ ‘ಹಾಂ’ ಎಂಬುದಕ್ಕೆ ‘ಹೌ’ ಎನ್ನುವರು. ಬೇಡವೆಂಬುದಕ್ಕೆ ‘ನಕ್ಕೋ’ ಎನ್ನುವರು. ಏಕೆ ಎಂಬುದಕ್ಕೆ ‘ಕೈಕು’. ‘ಪರಸೋಂ’ ಎಂಬುದು ಉತ್ತರದಲ್ಲಿ ಮೊನ್ನೆಯಾದರೆ ಇಲ್ಲಿ ಅದು ಮೊನ್ನೆಯಿಂದ ಹಿಡಿದು ಹತ್ತು ವರ್ಷದ ಹಿಂದಿನವರೆಗೆ ಯಾವ ದಿನವಾದರೂ ಆಗಬಹುದು. ಸಾಲಗಾರರಿಗೆ ಇದಕ್ಕಿಂತ ಅನುಕೂಲವಾದ ಶಬ್ದವಿನ್ನೊಂದಿಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಮಸ್ಕಿಯ ಸಂತೆಯಲ್ಲಿ ಬಳೆಗಾರರಿಂದ, ಟಾಂಗಾದವರಿಂದ ಕಿವಿಗೆ ಬಿದ್ದದ್ದು. ರಾಣಿಗಂಜಿನಲ್ಲಿ ಅದರ ಬೆಲೆ ತಿಳಿಯಿತು.

ರಾಣಿಗಂಜು ಸಿಕಂದರಾಬಾದಿನಲ್ಲಿದೆ. ಯಂತ್ರಗಳ ಬಿಡಿಭಾಗ, ಕೊಳಾಯಿ, ಪಂಪು, ಬೇರಿಂಗುಗಳ ಪೇಟೆಯದು. ಪ್ರವಾಸಿಗಳ ಪುಸ್ತಕಗಳು ಇಂಥ ಪೇಟೆಗಳ ಗೋಜಿಗೆ ಹೋಗುವುದಿಲ್ಲ. ಸಿಂಧನೂರಿನ ನಮ್ಮ ಬೀಗರೊಬ್ಬರು ತಮ್ಮ ಹಳೆಯ ಪಂಪಿನ ಒಂದು ಭಾಗವು ಎಲ್ಲಿಯೂ ಸಿಕ್ಕುತ್ತಿಲ್ಲವೆಂದೂ, ಹೇಗೂ ನೀವು ಅಲ್ಲಿಯೇ ಇರುವಿರೆಂದೂ ದೂರವಾಣಿಯಲ್ಲಿ ತಿಳಿಸಿದರು. ಒಂದು ಮಧ್ಯಾಹ್ನವೆಲ್ಲ ಆ ಓಣಿಗಳಲ್ಲಿ ಸುತ್ತಿದೆನು. ಎಣ್ಣೆಯ ವಾಸನೆ, ಕಬ್ಬಿಣವನ್ನು ಎಳೆಯುವ ಸದ್ದು, ಒಂದೊಂದು ಗೇಣಗಲದ ಅಂಗಡಿಯಲ್ಲಿ ನೆಲದಿಂದ ಮಾಳಿಗೆಯವರೆಗೆ ಪೆಟ್ಟಿಗೆ. ಮೊದಲಿನ ಅಂಗಡಿಯವನು ಸಾಮಾನನ್ನು ನೋಡಿ ಇಲ್ಲವೆಂದನು. ಆದರೆ ಯಾರಲ್ಲಿ ಇದ್ದೀತೆಂದು ಹೇಳಿದನು. ಎರಡನೆಯವನು ಮೂರನೆಯವನ ಬಳಿಗೆ ಹುಡುಗನನ್ನು ಜೊತೆಮಾಡಿ ಕಳುಹಿಸಿದನು. ಹೀಗೆ ಕೈಯಿಂದ ಕೈಗೆ ದಾಟಿ ಐದನೆಯ ಅಂಗಡಿಗೆ ಹೋದಾಗ ಅಲ್ಲಿ ಕುಳಿತಿದ್ದ ಮುದುಕ ಸಾಹೇಬರು ಭಾಗವನ್ನು ಎರಡು ಸಲ ತಿರುಗಿಸಿ ನೋಡಿ, “ಸಿಂಧನೂರಾ, ಗಂಗಾವತಿಯಾ?” ಎಂದು ಕೇಳಿದರು. ಅಂಥ ಪಂಪು ಯಾವ ಕಾಲುವೆಯ ಸೀಮೆಯಲ್ಲಿ ಓಡುತ್ತದೆಂದು ಅವರಿಗೆ ಗೊತ್ತಿದ್ದಿತು. ಹೈದರಾಬಾದಿನಲ್ಲಿ ನಮ್ಮ ಊರಿನ ಹೆಸರನ್ನು ನಾನು ಹೇಳುವುದಕ್ಕಿಂತ ಮುಂಚೆ ಇನ್ನೊಬ್ಬರು ಹೇಳಿದ್ದು ಅಲ್ಲಿಯೇ, ಆ ಎಣ್ಣೆಯ ಕೈಯ ಮುದುಕರೇ.

ಸಾಯಂಕಾಲದ ಕಷ್ಟವೇ ಬೇರೆ. ಆಸ್ಪತ್ರೆಯವರು ಕೊಡುತ್ತಿದ್ದ ಅನ್ನವು ಅಕ್ಕನಿಗೆ ಸೇರುತ್ತಿರಲಿಲ್ಲ. ಪಥ್ಯವನ್ನು ಹೇಳುವ ವೈದ್ಯೆಯು ಉಪ್ಪಿಲ್ಲದ ಜೋಳದ ರೊಟ್ಟಿಯನ್ನು ಮಿತವಾಗಿ ಕೊಡಬಹುದೆಂದು ಒಪ್ಪಿದರು. “ತಮ್ಮಾ, ಒಂದು ರೊಟ್ಟಿ ಸಿಕ್ಕರ ಸಾಕು, ಜೀವಕ್ಕ ಹಾದಿ ಆಗತೈತಿ” ಎಂದಳು ಅಕ್ಕ. ಇಷ್ಟು ದೊಡ್ಡ ನಗರದಲ್ಲಿ ರೊಟ್ಟಿ ಸಿಕ್ಕೀತೇ ಎಂದು ಕೇಳುವವರಿಗೆ ಹೇಳುವೆನು: ನಮ್ಮ ಸಿಂಧನೂರಿಗಿಂತ ಅಲ್ಲಿಯೇ ಸುಲಭವಾಗಿ ಸಿಕ್ಕುತ್ತದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದಮೇಲೆ ಸಿಂಧನೂರಿನ ಜೋಳದ ಹೊಲಗಳು ಬತ್ತದ ಗದ್ದೆಗಳಾದವು; ಹೈದರಾಬಾದಿನ ಬೀದಿಗಳಲ್ಲಿಯಾದರೋ ಸಂಜೆಯಾದೊಡನೆ ಹೆಂಗಸರು ಒಲೆ ಹೂಡಿ ಜೊನ್ನರೊಟ್ಟೆ ಬಡಿಯಲು ಕುಳಿತುಕೊಳ್ಳುತ್ತಾರೆ. ಸಕ್ಕರೆಯ ಕಾಯಿಲೆಯವರು ಸಾಲುಗಟ್ಟಿ ನಿಂತು ಕೊಳ್ಳುವರು.

ನನ್ನ ಓಣಿಯ ತಿರುವಿನಲ್ಲಿಯೂ ಒಬ್ಬಾಕೆ ಕುಳಿತಿದ್ದಳು. ನಾನು ಹರಕು ತೆಲುಗಿನಲ್ಲಿ ಉಪ್ಪಿಲ್ಲದ ಎರಡು ರೊಟ್ಟಿ ಬೇಕೆಂದೆನು. ಆಕೆ ತಲೆಯೆತ್ತದೆ, ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಒರಸುತ್ತ, ಕನ್ನಡದಲ್ಲಿ ಕೇಳಿದಳು.

“ಯಾವೂರಣ್ಣಾ ನಿಮ್ಮದು?”

“ಮಸ್ಕಿ, ತಾಯಿ. ನಿಮ್ಮದು?”

“ಗದ್ವಾಲ ಕಡೆ. ನಮ್ಮವ್ವನ ತವರು ರಾಯಚೂರ ಕಡೆ. ರೊಟ್ಟಿಗೆ ಉಪ್ಪು ಬ್ಯಾಡಂದ್ರ ಯಾರಿಗೆ ಆರಾಮಿಲ್ಲ?”

ಅಕ್ಕನಿಗೆಂದೆನು. ಆಕೆ ಮತ್ತೇನೂ ಕೇಳಲಿಲ್ಲ. ಮರುದಿನದಿಂದ ನಾನು ಹೋಗುವ ಹೊತ್ತಿಗೆ ಎರಡು ತೆಳ್ಳನೆಯ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕದಲ್ಲಿ ಇಟ್ಟಿರುತ್ತಿದ್ದಳು. ಒಂದು ದಿನ ಮಳೆಯಿಂದ ನಾನು ಎಂಟು ಗಂಟೆಗೆ ಹೋದರೂ ಅವು ಅಲ್ಲಿಯೇ ಇದ್ದವು. ಬೇರೆಯವರು ಕೇಳಿದರೆ ಕೊಡಲಿಲ್ಲವಂತೆ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯೊಳಗಿದ್ದವು. ಅವು ಆ ಕಡೆಗೆ ಹೋದವು, ನಾವು ಈ ಕಡೆಗೆ ಬಂದೆವು. ಭಾಷೆಯನ್ನು ನೋಡಿ ಗೆರೆ ಎಳೆದದ್ದು ನ್ಯಾಯವೇ ಆಗಿದ್ದೀತು. ಬೇಡವೆಂದು ಹೇಳುವವನು ನಾನಲ್ಲ. ಆದರೆ ಆಕೆಯ ಅಜ್ಜನೂ ನನ್ನ ಅಜ್ಜನೂ ಒಂದೇ ಕಲೆಕ್ಟರನ ಕಚೇರಿಯ ಮುಂದೆ ಕೈಕಟ್ಟಿ ನಿಂತಿರಬಹುದಾದವರು.

ನಗರದ ಒಳಗಿನ ಗೆರೆಗಳೂ ಇಂಥವೇ. ಸುಲ್ತಾನ ಬಜಾರಿಗೆ ಮೊದಲು ರೆಸಿಡೆನ್ಸಿ ಬಜಾರೆಂದು ಹೆಸರು. ಕೋಠಿಯೆಂದು ಈಗ ಕರೆಯುವ ಸ್ಥಳದಲ್ಲಿ ಇಂಗ್ಲೀಷರ ರೆಸಿಡೆಂಟನ ಅರಮನೆಯಿದ್ದು, ಅದರ ಸುತ್ತಲಿನ ಪೇಟೆಯು 1933ರವರೆಗೆ ನಿಜಾಮನ ಅಂಕೆಗೆ ಒಳಪಡದೆ ಇದ್ದಿತು. ನಾಲ್ಕು ಹೆಜ್ಜೆ ಆಚೆಗೆ ಸಭೆ ಸೇರಿಸಲು ಅಪ್ಪಣೆ ಬೇಕಾಗಿದ್ದ ದಿನಗಳಲ್ಲಿ ಈ ಓಣಿಗಳಲ್ಲಿ ಜನರು ಸ್ವಲ್ಪ ಉಸಿರಾಡಬಹುದಾಗಿದ್ದಿತು. ತೆಲುಗರು 1901ರಲ್ಲಿ ಕಟ್ಟಿದ ಗ್ರಂಥಾಲಯವು ಇಲ್ಲಿಯೇ ಇದೆ. ಅದಕ್ಕೆ ಅವರು ಇಟ್ಟ ಹೆಸರು ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ. ನಮ್ಮ ರಾಯನೂ ಹೌದು, ಅವರ ರಾಯನೂ ಹೌದು. ಅಲ್ಲಿಂದ ಕಾಚಿಗುಡದ ಕಡೆಗೆ ನಡೆದರೆ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರಿನ ಕನ್ನಡಿಗರ ಶಾಲೆಯೂ ಸಿಕ್ಕುವವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತವನ್ನೂ ವೈದ್ಯವನ್ನೂ ಉರ್ದುವಿನಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗರು ಕನ್ನಡದ ಅಕ್ಷರ ಮರೆಯದಂತೆ ಕಾಪಾಡಿದ್ದು ಇಂಥ ಮನೆಗಳು. 1941ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ಈ ನಗರದಲ್ಲಿಯೇ ನೆರೆಯಿತೆಂಬುದನ್ನು ಇಂದು ರಾಯಚೂರು ಜಿಲ್ಲೆಯಲ್ಲಿ ಎಷ್ಟು ಮಂದಿ ನೆನೆಯುವರೋ ತಿಳಿಯದು. ಈಗ ಸುಲ್ತಾನ ಬಜಾರಿನ ಎದೆಯ ಮೇಲೆ ಮೆಟ್ರೋ ರೈಲಿನ ಕಂಬಗಳು ನಿಂತಿವೆ. 2020ರಿಂದ ಅಲ್ಲಿ ಗಾಡಿ ಓಡುತ್ತದೆ. ಕೆಳಗೆ ಸೀರೆಯ ಅಂಗಡಿಯವರು ಕಂಬದ ನೆರಳನ್ನೂ ಬಿಡದೆ ಬಳಸಿಕೊಂಡಿದ್ದಾರೆ.

ನದಿಯನ್ನು ದಾಟಿ ಹಳೆಯ ನಗರಕ್ಕೆ ನಾನು ಹೋದದ್ದು ಹತ್ತನೆಯ ದಿನಕ್ಕೆ. ಮೂಸಿ ನದಿಯೆಂದರೆ ಈಗ ಮೂಗು ಮುಚ್ಚಿಕೊಂಡು ದಾಟುವ ನೀರು. ಆದರೆ 1908ನೆಯ ಸೆಪ್ಟಂಬರ 28ರಂದು ಇದೇ ನದಿಯು ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ದಿತು. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ಆ ದಿನ ತಾಯಿಯನ್ನೂ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡರು. ಅಫ್ಜಲಗಂಜಿನ ಉಸ್ಮಾನಿಯಾ ದವಾಖಾನೆಯ ಆವರಣದಲ್ಲಿ ಒಂದು ಮುದಿ ಹುಣಸೆಯ ಮರವಿದೆ. ಅದನ್ನು ಹತ್ತಿ ನೂರೈವತ್ತು ಮಂದಿ ಬದುಕಿಕೊಂಡರೆಂದು ಅಲ್ಲಿಯವರು ಹೇಳುವರು. ಪ್ರವಾಹದ ತರುವಾಯ ನಗರವನ್ನು ಹೇಗೆ ಕಾಪಾಡಬೇಕೆಂದು ಕೇಳಲು ನಿಜಾಮನ ಸರಕಾರವು ಕರೆಯಿಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಮೇಲುಗಡೆಯಲ್ಲಿ ಕೆರೆ ಕಟ್ಟಿ ನೀರನ್ನು ತಡೆಯಬೇಕೆಂಬ ಅವರ ಆಲೋಚನೆಯಿಂದ 1920ರಲ್ಲಿ ಉಸ್ಮಾನಸಾಗರವೂ 1927ರಲ್ಲಿ ಹಿಮಾಯತಸಾಗರವೂ ಆದವು. ಕೃಷ್ಣರಾಜಸಾಗರವನ್ನು ನೋಡಲು ಓಡುವ ನಾವು ಈ ಎರಡನ್ನು ಮರೆತೇಬಿಟ್ಟಿದ್ದೇವೆ.

ಆ ಹುಣಸೆಯ ಕೆಳಗೆ ನಾನು ಬಹಳ ಹೊತ್ತು ಕುಳಿತಿದ್ದೆನು. ಸುತ್ತಲೂ ಬುತ್ತಿ ಬಿಚ್ಚಿದವರು, ಚಾಪೆ ಹಾಸಿ ಮಲಗಿದವರು, ಎಕ್ಸ್-ರೇ ಚಿತ್ರವನ್ನು ಬಿಸಿಲಿಗೆ ಹಿಡಿದು ಏನೂ ತಿಳಿಯದೆ ನೋಡುತ್ತಿದ್ದವರು. ಅವರೆಲ್ಲರ ಕೈಯಲ್ಲಿಯೂ ನನ್ನ ಕೈಯಲ್ಲಿದ್ದಂಥದೇ ಚೀಲ. ಅಂದು ಬೆಳಗ್ಗೆ ವೈದ್ಯರು ಅಕ್ಕನ ರಕ್ತವನ್ನು ಯಂತ್ರದಿಂದ ಶೋಧಿಸಬೇಕಾಗುವುದೋ ಔಷಧಿಯಿಂದಲೇ ನಿಭಾಯಿಸಬಹುದೋ ಎಂಬುದನ್ನು ಒಂದು ವಾರದಲ್ಲಿ ತಿಳಿಸುವೆವೆಂದಿದ್ದರು. ಒಂದು ವಾರ! ಹಳೆಯ ನಗರವನ್ನು ನಾನು ಪೂರ್ತಿಯಾಗಿ ತಿರುಗಿದ್ದು ಆ ವಾರದಲ್ಲಿಯೇ. 1591ರಲ್ಲಿ ಕಟ್ಟಿದ ಚಾರ್ಮಿನಾರಿನ ಕೆಳಗಿನಿಂದ ಹೋಗಿ, ಲಾಲ ದರ್ವಾಜೆಯವರೆಗೆ ನಡೆದು, ಇನ್ನೊಂದು ದಿನ ದಬೀರಪುರಾ ದರ್ವಾಜೆಯನ್ನು ಹುಡುಕಿದೆನು. ಕೋಟೆಯ ಗೋಡೆಗೆ ಇದ್ದ ಅಗಸಿಗಳಲ್ಲಿ ಈಗ ಉಳಿದಿರುವುವು ಇದೂ ಪುರಾನಾ ಪೂಲಿನದೂ ಮಾತ್ರ. ದಾರಿ ಕೇಳಿದರೆ ಹೆಸರು ಹೇಳಿ ಉಪಯೋಗವಿಲ್ಲ. ಯಾವ ಮಸೀದಿಯ ಪಕ್ಕ, ಯಾವ ಹಕೀಮರ ಅಂಗಡಿಯ ಎದುರು ಎಂದು ಹೇಳಬೇಕು. ಕೇಳಿದವನು ಬಾಯಿಯಿಂದ ದಾರಿ ತೋರಿಸುವುದಕ್ಕಿಂತ ಜೊತೆಗೆ ಹತ್ತು ಹೆಜ್ಜೆ ಬಂದು ತೋರಿಸುವುದೇ ಅಲ್ಲಿನ ಪದ್ಧತಿ.

ಇರಾಣಿ ಹೋಟಲುಗಳ ವಿಷಯವನ್ನು ಹೇಳದೆ ಹೋದರೆ ಓದುಗರು ಕ್ಷಮಿಸಲಾರರು. ತಿರುವಿನ ಅಂಗಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ಒಂದೇ ಮೇಜಿಗೆ ಹೋಗಿ ಕುಳಿತರೆ ನಾಲ್ಕನೆಯ ದಿನ ಮಾಣಿಯು ಕೇಳದೆಯೇ ಚಹಾ ತಂದಿಡುತ್ತಾನೆ. ಆರನೆಯ ದಿನ ಎದುರು ಕುಳಿತವನು ವೃತ್ತಪತ್ರಿಕೆಯ ಒಂದು ಹಾಳೆಯನ್ನು ಕೊಡುತ್ತಾನೆ. ಹತ್ತನೆಯ ದಿನ ಯಾರು ಕಾಯಿಲೆಯೆಂದು ಕೇಳುತ್ತಾನೆ. ಚಹಾ ಮಾತ್ರ ನನ್ನ ರುಚಿಗೆ ಬಹಳ ಸಿಹಿ.

ಪಡುವಣ ಕಡೆಯ ಹೊಸ ನಗರಕ್ಕೆ, ಅಮೀರಪೇಟೆ, ಮಾಧಾಪುರಗಳಿಗೆ, ಎರಡು ಸಲ ಮಾತ್ರ ಹೋದೆನು. ಗಣಕಯಂತ್ರದ ಪಾಠ ಹೇಳುವ ಶಾಲೆಗಳು ಅಮೀರಪೇಟೆಯಲ್ಲಿ ಒಂದರ ಮೇಲೊಂದು ಕುಳಿತಿವೆ. ಅಲ್ಲಿ ಎಲ್ಲರೂ ಹೊರಗಿನವರೇ ಆದುದರಿಂದ ಊರಿನವನಂತೆ ಇರುವುದು ಹೇಗೆಂಬ ಪ್ರಶ್ನೆಯೇ ಇಲ್ಲ. ಒಂದಾನೊಂದು ಕಾಲಕ್ಕೆ ಕಾಚಿಗುಡವೂ ಹಾಗೆಯೇ ಇದ್ದೀತು. ಸಿಂಧನೂರಿನ ಬಳಿಯ ಕ್ಯಾಂಪುಗಳಲ್ಲಿ ಪೂರ್ವ ಬಂಗಾಲದಿಂದ ಬಂದು ನೆಲಸಿದವರ ಮಕ್ಕಳು ಈಗ ನಮ್ಮ ಸಂತೆಯಲ್ಲಿ ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುವುದಿಲ್ಲವೇ?

ವಾರ ಕಳೆದಮೇಲೆ ವೈದ್ಯರು ಯಂತ್ರದ ಅವಶ್ಯಕತೆ ಸದ್ಯಕ್ಕಿಲ್ಲವೆಂದರು. ಸದ್ಯಕ್ಕೆ ಎಂಬುದನ್ನು ಒತ್ತಿ ಹೇಳಿದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ತಪ್ಪಿಸಕೂಡದು. ಬಿಡುಗಡೆಯಾದ ದಿನ ಅಕ್ಕನನ್ನು ರೊಟ್ಟಿಯವಳ ಬಳಿಗೆ ಕರೆದುಕೊಂಡು ಹೋದೆನು. ಇಬ್ಬರೂ ಒಬ್ಬರನ್ನೊಬ್ಬರು ಬಹು ದಿನದ ಪರಿಚಯದವರಂತೆ ನೋಡಿದರು. ಆಕೆ ಹಣ ತೆಗೆದುಕೊಳ್ಳಲಿಲ್ಲ. ಅಕ್ಕನು ಆಸ್ಪತ್ರೆಗೆ ಯಾರೋ ತಂದುಕೊಟ್ಟಿದ್ದ ಎರಡು ಸೇಬುಹಣ್ಣುಗಳನ್ನು ಆಕೆಯ ಸೆರಗಿಗೆ ಹಾಕಿದಳು.

ಮುಂದಿನ ಸಲ ಅವಳ ಜೊತೆಗೆ ಹೋಗಬೇಕಾದವನು ಅವಳ ಮಗ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಬೆಂಗಳೂರು ಬಲ್ಲನು, ಹೈದರಾಬಾದನ್ನು ಕಂಡವನಲ್ಲ. ಅವನಿಗಾಗಿ ಒಂದು ಕಾಗದ ಬರೆದುಕೊಟ್ಟೆನು. ಇಮ್ಲಿಬನದ ಬಸ್ ನಿಲ್ದಾಣದಲ್ಲಿ ಇಳಿದು ಆಟೋದವನಿಗೆ ಕೈಕೊಡದೆ ಮೆಟ್ರೋ ಹತ್ತಿ ಮುಂದಿನ ನಿಲ್ದಾಣದಲ್ಲಿ ಇಳಿಯುವುದು. ಕೋಣೆಯವನೊಡನೆ ದಖನಿಯಲ್ಲಿಯೇ ಮಾತನಾಡುವುದು, ಬಾಡಿಗೆ ಇಳಿಯುತ್ತದೆ. ಔಷಧಿಯನ್ನು ಆಸ್ಪತ್ರೆಯ ಎದುರಿಗಿಂತ ಕೋಠಿಯ ಸಗಟು ಅಂಗಡಿಗಳಲ್ಲಿ ವಿಚಾರಿಸುವುದು. ರೊಟ್ಟಿಗೆ ಆರು ಗಂಟೆಯ ಮೇಲೆ ತಿರುವಿಗೆ ಹೋಗಿ ಮಸ್ಕಿಯ ಅಕ್ಕನ ಮಗನೆಂದು ಹೇಳುವುದು. ಹೊತ್ತು ಹೋಗದಿದ್ದರೆ ಹುಣಸೆಯ ಮರದ ಕೆಳಗೆ ನೆರಳಿದೆ.

ಹುಡುಗನು ಕಾಗದವನ್ನು ಎರಡು ಸಲ ಓದಿ, “ಮಾವಾ, ಇದರಾಗ ಚಾರ್ಮಿನಾರ ಎಲ್ಲೈತಿ?” ಎಂದು ಕೇಳಿದನು.

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಕ್ಕನೇ, “ನನಗ ಬಳಿ ತರಾಕ ಹೋಗ್ತೀಯಲ್ಲ, ಆವಾಗ ಹಾದ್ಯಾಗ ಬರತೈತಿ” ಎಂದಳು.